ಖಾಲಿ ಪುಟದ ಮೆಂಬರು

ಅಲ್ ಅಮೇರಾತ್, ಒಮಾನ್
10 ಜುಲೈ 1987, ಶುಕ್ರವಾರ

ಮಂಜಲಪಾದೆ ಶಾಲೆಯ ವಾರಿಜಾಕ್ಷಿ ಟೀಚರಿಗೆ ಅಂಗಾರನ ನಮಸ್ಕಾರ.

ನಾನು ಊರು ಬಿಟ್ಟು ಎರಡು ತಿಂಗಳಾಯಿತು. ವಾದಿ ಅದಾಯ್ ಎಂಬ ಕಣಿವೆ ದಾಟಿ ಒಳಗೆ ಬಂದರೆ ಅಮೇರಾತ್. ಸುತ್ತ ಬೋಳು ಗುಡ್ಡ. ಬಾಣಲೆಯಲ್ಲಿ ಹುರಿದ ಹಾಗೆ ಬಿಸಿಲು. ನಮ್ಮ ಕಂಪೆನಿ ಇಲ್ಲಿ ಏನು ಕಟ್ಟುತ್ತಿದೆ ಗೊತ್ತುಂಟಾ? ಶಾಲೆ! ನಗು ಬಂತು ನನಗೆ. ಏಳು ವರ್ಷ ನಮ್ಮ ಶಾಲೆಯ ತೆಂಗಿನ ಮಡಲಿನ ಶೆಡ್ಡಿಗೆ ಒಂದು ಹೆಂಚು ಹಾಕಿಸಲಿಕ್ಕೆ ಆಗದವನು ಕಡಲು ದಾಟಿ ಬಂದು ಬೇರೆಯವರ ಮಕ್ಕಳಿಗೆ ಹನ್ನೆರಡು ಕೋಣೆ ಕಟ್ಟುತ್ತಿದ್ದೇನೆ.

ಸೈಟಿನ ಕಾವಲಿನವನು ಸೌದ ಎಂಬ ಮುದುಕ. ಅರ್ಧ ಉರ್ದು, ಅರ್ಧ ಕೈಸನ್ನೆ. "ಈ ಶಾಲೆ ಇಲ್ಲೇ ಆಗಬೇಕು ಅಂತ ನಿಮ್ಮ ಊರಿನವರು ಹೇಳಿದ್ದಾ?" ಎಂದು ಕೇಳಿದೆ. "ನಮ್ಮನ್ನು ಯಾರು ಕೇಳಿದರು? ಮಸ್ಕತಿನಿಂದ ಒಬ್ಬ ಬಂದ, ಗೂಟ ಹೊಡೆದ, ಹೋದ" ಎಂದ. ನಿಮ್ಮಲ್ಲಿ ಯಾರು ಹೇಳುವುದು ಎಂದು ಅವನು ಕೇಳಿದಾಗ ನಾನು ಬೆರಳು ಮಡಚಿ ಲೆಕ್ಕ ಕೊಟ್ಟೆ: ಶಾಲಾ ಸಮಿತಿ, ಮಂಡಲ ಪಂಚಾಯತು, ಶಿಕ್ಷಣ ಇಲಾಖೆಯ ಎ.ಇ.ಒ. ಆಫೀಸು, ಜಿಲ್ಲಾ ಪರಿಷತ್ತು. ಸೌದ ಕೊನೆಯವರೆಗೆ ಕೇಳಿ, "ಇಷ್ಟು ಮಂದಿ ಇದ್ದೂ ನಿಮಗೆ ಸೂರು ಇಲ್ಲವಾ?" ಎಂದ.

ಟೀಚರೇ, ಶಾಲಾ ಸಮಿತಿಯ ಠರಾವು ಪುಸ್ತಕದ ಎಂಟು ಖಾಲಿ ಪುಟಗಳ ಅಡಿಯಲ್ಲಿ ನಾನು ಸಹಿ ಹಾಕಿ ಬಂದಿದ್ದೇನಲ್ಲ, ಅದನ್ನು ಜೋಪಾನ ಮಾಡಿ. ಪರಿಶಿಷ್ಟರ ಮೆಂಬರಿನ ಸಹಿ ಇಲ್ಲದ ಠರಾವನ್ನು ಆಫೀಸಿನವರು ವಾಪಸು ಎಸೆಯುತ್ತಾರೆಂದು ನೀವೇ ಹೇಳಿದ್ದು. ನಾನು ರಾಜೀನಾಮೆ ಕೊಟ್ಟಿದ್ದರೆ ಅಧ್ಯಕ್ಷ ಭೋಜರಾಜರು ತಮ್ಮ ಹಟ್ಟಿಯ ಸೆಗಣಿ ಬಾಚುವವನನ್ನು ಕರೆತಂದು ಆ ಕುರ್ಚಿಯಲ್ಲಿ ಕೂರಿಸುತ್ತಿದ್ದರು. ಅವನು ಕೂರುವುದೂ ಇಲ್ಲ, ಪಾಪ, ನಿಂತೇ ಹೆಬ್ಬೆಟ್ಟು ಒತ್ತುತ್ತಿದ್ದ.

ಆ ಪುಟಗಳಲ್ಲಿ ಐದನೇ ಕ್ಲಾಸು ಕೇಳಿ. ಎರಡನೇ ಟೀಚರನ್ನು ಕೇಳಿ. ಬಾವಿ ಕೇಳಿ. ಕಟ್ಟಡ ಕೇಳಿ. ಎಲ್ಲವೂ ನೀರಿನ ತೋಡಿನ ಈಚೆ, ನಮ್ಮ ಕಾಲನಿಯ ಬದಿಯಲ್ಲೇ. ಆ ಜಾಗ ನಾವು ದಲಿತ ಸಂಘದವರು ಪಾದೆಕಲ್ಲು ಒಡೆದು ಸಮತಟ್ಟು ಮಾಡಿದ್ದು. ನನ್ನ ಮಗಳು ವಸಂತಿ ನಾಲ್ಕನೆಯದು ಮುಗಿಸುವಾಗ ಅಲ್ಲೇ ಐದನೆಯದು ಇರಬೇಕು. ನಾನು ಇಲ್ಲಿಗೆ ಬಂದದ್ದು ಅದಕ್ಕೇ.

ಕಾಗದ ಬರೆಯುವುದಾದರೆ ಮಸ್ಕತಿನ ರೂವಿಯ ಹಾಜಬ್ಬ ಬ್ಯಾರಿಯ ಅಂಗಡಿಯ ಪೋಸ್ಟ್ ಪೆಟ್ಟಿಗೆ ನಂಬರಿಗೆ ಹಾಕಿ. ಕಂಪೆನಿಯ ವಿಳಾಸಕ್ಕೆ ಬಂದ ಕಾಗದಗಳು ಕಂಪೆನಿಯಲ್ಲೇ ಉಳಿಯುತ್ತವೆ.

ಅಂಗಾರ

---

ಮಂಜಲಪಾದೆ
3-8-1987

ಅಂಗಾರನಿಗೆ,

ನಿನ್ನ ಕಾಗದ ಸಿಕ್ಕಿತು. ವಸಂತಿಗೆ ಓದಲು ಕೊಟ್ಟೆ. ಅವಳು ಮನೆಗೆ ಓಡಿ ಹೋಗಿ ತಾಯಿಗೆ ಓದಿ ಹೇಳಿ, ಮಧ್ಯಾಹ್ನದ ಗಂಟೆಗೆ ಮೊದಲೇ ತಂದು ಕೊಟ್ಟಳು. ಓದುವುದರಲ್ಲಿ ಈ ಶಾಲೆಯಲ್ಲಿ ಅವಳ ಮುಂದೆ ಯಾರೂ ಇಲ್ಲ. ಅವಳಿಗೆ ಅದು ಸ್ವಲ್ಪ ಹೆಚ್ಚೇ ಗೊತ್ತುಂಟು.

ಜುಲೈ ತಿಂಗಳ ಸಭೆಯಲ್ಲಿ ನಿನ್ನ ಎರಡು ಪುಟ ಉಪಯೋಗಕ್ಕೆ ಬಂತು. ಒಂದು, ಬರುವ ವರ್ಷಕ್ಕೆ ಐದನೇ ತರಗತಿ ಕೋರಿ. ಇನ್ನೊಂದು, ಹೆಚ್ಚುವರಿ ಶಿಕ್ಷಕರನ್ನು ಕೋರಿ. ಭೋಜರಾಜರು ಯಾವ ತಕರಾರೂ ಇಲ್ಲದೆ ಸಹಿ ಹಾಕಿದರು. ಹಾಕುವಾಗ ಒಂದು ತಮಾಷೆ ಮಾಡಿದರು: "ಈ ಅಂಗಾರ ಊರಿನಲ್ಲಿದ್ದಾಗ ಪ್ರತಿ ಮೀಟಿಂಗಿನಲ್ಲಿ ಗಲಾಟೆ. ಮಸ್ಕತಿಗೆ ಹೋದ ಮೇಲೆ ಒಳ್ಳೆ ಮೆಂಬರಾದ ನೋಡಿ ಟೀಚರ್. ಸಮಯಕ್ಕೆ ಸರಿಯಾಗಿ ಬರ್ತಾನೆ, ಮಾತಾಡುವುದಿಲ್ಲ!" ಎಲ್ಲರೂ ನಕ್ಕರು. ನಾನೂ ನಕ್ಕೆ.

ಮಳೆ ಜೋರಾಗಿದೆ. ತೋಡು ದಾಟುವ ಮರದ ಸಂಕ ಎರಡು ಸಲ ಕೊಚ್ಚಿ ಹೋಯಿತು. ರಸ್ತೆ ಬದಿಯ ಮಕ್ಕಳು ವಾರಕ್ಕೆ ಮೂರು ದಿನವೂ ಬರುತ್ತಿಲ್ಲ. ನಾನು ಹೇಗೋ ಬರುತ್ತೇನೆ. ಆರೋಗ್ಯ ನೋಡಿಕೋ.

ವಾರಿಜಾಕ್ಷಿ

---

ಅಲ್ ಅಮೇರಾತ್
20 ನವೆಂಬರ್ 1987

ಟೀಚರಿಗೆ ನಮಸ್ಕಾರ.

ಐದನೆಯದಕ್ಕೆ ಅರ್ಜಿ ಹೋದದ್ದು ಕೇಳಿ ಅಂದು ಕ್ಯಾಂಪಿನಲ್ಲಿ ಎಲ್ಲರಿಗೂ ನನ್ನ ದುಡ್ಡಿನಲ್ಲಿ ಚಾ. ನಮ್ಮ ಕ್ಯಾಂಪಿನಲ್ಲಿ ತುಳು ಮಾತಾಡುವವರು, ಬ್ಯಾರಿಗಳು, ಕೊಂಕಣಿಯವರು ಎಲ್ಲ ಸೇರಿ ಇಪ್ಪತ್ತೆರಡು ಮಂದಿ. ಕಟ್ಟಡಕ್ಕೆ ಸಾರ್ವಜನಿಕರ ಪಾಲು ಇದ್ದರೆ ಮಾತ್ರ ಜಿಲ್ಲಾ ಪರಿಷತ್ತಿನವರು ತಮ್ಮ ಪಾಲು ಕೊಡುವುದು ಎಂದು ವಿವರಿಸಿ ಹೇಳಿದೆ. ನಮ್ಮ ಮಕ್ಕಳ ಸೂರಿಗೆ ನಾವೇ ಮೊದಲು ಭಿಕ್ಷೆ ಎತ್ತಬೇಕಂತೆ, ಆಮೇಲೆ ಸರಕಾರಕ್ಕೆ ನಂಬಿಕೆ ಬರುವುದಂತೆ. ಇರಲಿ. ಹಾಜಬ್ಬ ಬ್ಯಾರಿ ಅಂಗಡಿಯ ಗಲ್ಲೆಯ ಮೇಲೆ ಬಿಸ್ಕತ್ತಿನ ಡಬ್ಬಿ ಇಟ್ಟು, ಬಂದವರನ್ನೆಲ್ಲ ಬೈದು ಹಾಕಿಸಿದರು. "ಶಾಲೆಗೆ ಕೊಡ್ಲಿಕ್ಕೆ ಆಗುದಿಲ್ಲಾದ್ರೆ ಸಿಗರೇಟು ಎಂತಕ್ಕೆ ಮಾರಾಯ ನಿನಗೆ? ಇಡು ಇಲ್ಲಿ!" ಅವರ ಊರು ಉಳ್ಳಾಲದ ಕಡೆ. ನಮ್ಮ ಮಂಜಲಪಾದೆಯನ್ನು ಅವರು ಕಂಡದ್ದೇ ಇಲ್ಲ.

ಡ್ರಾಫ್ಟ್ ಶಾಲೆಯ ಹೆಸರಿಗೆ ಕಳಿಸಿದ್ದೇನೆ. ಕಾಲನಿಯ ಬದಿಯಲ್ಲಿ ಕಲ್ಲಿನ ಕಟ್ಟಡ ಎಂದು ಎಲ್ಲರಿಗೂ ಮಾತು ಕೊಟ್ಟಿದ್ದೇನೆ, ನೆನಪಿರಲಿ.

ನನ್ನನ್ನು ಇಲ್ಲಿ ಫೋರ್‌ಮನ್ ಮಾಡಿದ್ದಾರೆ. ಕೊರಪೊಳುವಿಗೆ ಹೇಳಿ, ಗಂಡ ಫೋರ್‌ಮನ್ ಆದ ಅಂತ. ಬರುವ ಬೇಸಗೆಗೆ ರಜೆ ಹಾಕಿ ಶಂಕುಸ್ಥಾಪನೆಗೆ ಬರುತ್ತೇನೆ.

ಅಂಗಾರ

---

ಮಂಜಲಪಾದೆ
15-2-1988

ಅಂಗಾರನಿಗೆ,

ಉತ್ತರ ತಡವಾಯಿತು. ಪರೀಕ್ಷೆ, ಜನಗಣತಿಯ ಹಾಗೆ ಮಕ್ಕಳ ಗಣತಿ, ಒಂದಲ್ಲ ಒಂದು. ಡ್ರಾಫ್ಟ್ ಸಿಕ್ಕಿದೆ. ರಶೀದಿ ಇದರೊಳಗಿದೆ. ನಿನ್ನ ಗೆಳೆಯರಿಗೆಲ್ಲ ಶಾಲೆಯ ಪರವಾಗಿ ಕೃತಜ್ಞತೆ ತಿಳಿಸು.

ಸಂತೋಷದ ಸುದ್ದಿ: ಜೂನಿನಿಂದ ಐದನೇ ತರಗತಿ ಮಂಜೂರಾಗಿದೆ. ಹನ್ನೊಂದು ಮಕ್ಕಳಿದ್ದಾರೆ. ಎರಡನೇ ಶಿಕ್ಷಕರೂ ಬರುತ್ತಾರಂತೆ. ಕಟ್ಟಡದ ಕಾಗದಪತ್ರ ಜಿಲ್ಲಾ ಪರಿಷತ್ತಿನಲ್ಲಿ ಉಂಟು. ಆಗುವಾಗ ಆಗುತ್ತದೆ. ನೀನು ಅಲ್ಲಿ ತಲೆ ಕೆಡಿಸಿಕೊಳ್ಳಬೇಡ.

ನೀನು ಸಹಿ ಹಾಕಿದ ಪುಟಗಳಲ್ಲಿ ಇನ್ನು ಮೂರು ಉಳಿದಿವೆ.

ವಾರಿಜಾಕ್ಷಿ

---

ಅಲ್ ಅಮೇರಾತ್
8 ಏಪ್ರಿಲ್ 1988

ಟೀಚರೇ,

ಎರಡು ಪುಟ ಮುಗಿಯಿತು ಎಂದು ಆಗಸ್ಟಿನ ಕಾಗದದಲ್ಲಿ ಬರೆದಿರಿ. ಫೆಬ್ರವರಿಯಲ್ಲಿ ಮೂರು ಉಳಿಯಿತು ಎಂದಿರಿ. ನಡುವಿನ ಮೂರು ಪುಟಗಳಲ್ಲಿ ನಾನು ಏನು ಹೇಳಿದೆ? ನನ್ನ ಬಾಯಿ ಏನು ಆಡಿತು ಎಂದು ನಾನೇ ಇನ್ನೊಬ್ಬರನ್ನು ಕೇಳುವ ಹಾಗಾಯಿತು.

ಆ ಕಾಗದ ಬಂದಾಗಲೇ ಕೇಳಬೇಕಿತ್ತು. ಐದನೇ ಕ್ಲಾಸಿನ ಸಂತೋಷದಲ್ಲಿ ಕುರುಡಾದೆ. ಮೊನ್ನೆ ನಮ್ಮ ಕ್ಯಾಂಪಿನ ಆದಂ ರಜೆ ಮುಗಿಸಿ ಬಂದ. ಅವನ ಹೆಂಡತಿಯ ಮನೆ ನಮ್ಮ ರಸ್ತೆಯಲ್ಲೇ. "ಅಂಗಾರಣ್ಣ, ನಿಮ್ಮ ಶಾಲೆಯ ಕಲ್ಲು ಬಂದು ಬಿದ್ದಾಯ್ತು" ಎಂದ. ಎಲ್ಲಿ ಎಂದೆ. "ಭೋಜರಾಜ ಶೆಟ್ಟರ ಜಾಗದಲ್ಲಿ. ಬಸ್ ಸ್ಟಾಪಿನ ಹತ್ತಿರ." ನಾನು ಅವನನ್ನು ಹಿಡಿದು ಅಲ್ಲಾಡಿಸಿದೆ. ಪಾಪ, ಅವನು ತಂದ ಹಲಸಿನ ಹಪ್ಪಳದ ಕಟ್ಟು ಕೈಯಿಂದ ಬಿತ್ತು. "ನನ್ನನ್ನು ಎಂತಕ್ಕೆ ಹಿಡಿಯುದು? ನೀವೇ ಸಹಿ ಹಾಕಿದ್ದಂತೆ ಅಲ್ವಾ! ಊರೆಲ್ಲ ಹೇಳ್ತಾರೆ, ಅಂಗಾರನೇ ಒಪ್ಪಿದ್ದು, ಮತ್ತೆ ಯಾರಿಗೆಂತ ತಕರಾರು ಅಂತ."

ತೋಡಿನ ಆಚೆ ಶಾಲೆ ಹೋದರೆ ಏನಾಗುತ್ತದೆಂದು ನಿಮಗೆ ಹೇಳಬೇಕಾ? ಮಳೆಗಾಲದಲ್ಲಿ ರಸ್ತೆ ಬದಿಯ ಮಕ್ಕಳು ಬಾರದಿದ್ದರೆ ಅದು ಊರಿನ ಸಮಸ್ಯೆ, ಅದಕ್ಕೆ ಠರಾವು. ನಮ್ಮ ಮಕ್ಕಳು ಹೋಗಲಿಕ್ಕಾಗದಿದ್ದರೆ ಅದು ನಮ್ಮ ಮಕ್ಕಳ ಸೋಮಾರಿತನ, ಹಾಜರಿ ಪುಸ್ತಕದಲ್ಲಿ ಕೆಂಪು ಗೆರೆ. ಸಂಕ ಅದೇ, ನೀರು ಅದೇ.

ಸಂಘದಲ್ಲಿ ನಾನು ಎರಡು ವರ್ಷ ಕೇರಿಯಿಂದ ಕೇರಿಗೆ ಹೋಗಿ ಭಾಷಣ ಮಾಡಿದವನು: 'ಓದದೆ ಒಂದು ಕಾಗದಕ್ಕೂ ಹೆಬ್ಬೆಟ್ಟು ಒತ್ತಬೇಡಿ, ನಿಮ್ಮ ಅಪ್ಪಂದಿರ ಭೂಮಿ ಹೋದದ್ದೇ ಹಾಗೆ.' ಆ ನಾನು ಎಂಟು ಖಾಲಿ ಪುಟಕ್ಕೆ, ಶುದ್ಧ ಅಕ್ಷರದಲ್ಲಿ, ಗೀಟೆಳೆದು ಸಹಿ ಹಾಕಿದೆ. ಭೋಜರಾಜರ ಮುಂದೆ ಹಾಕುತ್ತಿರಲಿಲ್ಲ. ನಿಮ್ಮ ಮುಂದೆ ಹಾಕಿದೆ.

ಏನು ನಡೆಯಿತು ಬರೆಯಿರಿ. ಹಾಜಬ್ಬ ಬ್ಯಾರಿಯ ಅಂಗಡಿಗೆ ನಾನು ಹೋಗುವುದನ್ನೇ ಬಿಟ್ಟಿದ್ದೇನೆ. ಕಾಗದ ಬಂದರೆ ಆದಂ ತರುತ್ತಾನೆ.

ಅಂಗಾರ

---

ಮಂಜಲಪಾದೆ
2-5-1988

ಅಂಗಾರ ಅವರಿಗೆ,

ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ. ಮೂರನೇ ಪುಟ ಬಾವಿಗೆ. ನಾಲ್ಕನೆಯದು ಸಾರ್ವಜನಿಕ ವಂತಿಗೆ ಸ್ವೀಕರಿಸಿದ್ದಕ್ಕೆ. ಇವೆರಡನ್ನೂ ಬರೆದವಳು ನಾನೇ. ಡಿಸೆಂಬರಿನಲ್ಲಿ ಭೋಜರಾಜರು 'ಎಂಜಿನಿಯರಿಗೆ ತೋರಿಸಬೇಕು' ಎಂದು ಪುಸ್ತಕವನ್ನು ಮನೆಗೆ ತರಿಸಿಕೊಂಡರು. ನಾಲ್ಕು ದಿನ ಬಿಟ್ಟು ವಾಪಸು ಬಂದಾಗ ಐದನೇ ಪುಟ ತುಂಬಿತ್ತು: ಶಾಲೆಗೆ ರಸ್ತೆ ಬದಿಯಲ್ಲಿ ಅರ್ಧ ಎಕರೆ ದಾನ, ಕಟ್ಟಡ ಅಲ್ಲಿ, ಶಾಲೆಯ ಹೆಸರು ಅವರ ತಂದೆಯದು. ಅಡಿಯಲ್ಲಿ ನಿಮ್ಮ ಸಹಿ. ಕಾರ್ಯದರ್ಶಿಯ, ಎಂದರೆ ನನ್ನ, ಸಹಿಯ ಜಾಗ ಮಾತ್ರ ಖಾಲಿ.

ನಾನು ಆ ಜಾಗಕ್ಕೆ ಸಹಿ ಹಾಕಿದೆ. ನನ್ನ ಪ್ರೊಬೇಷನ್ ಮುಗಿದಿಲ್ಲ. ನಾನಿರುವ ಬಾಡಿಗೆ ಕೋಣೆ ಅವರದ್ದು. ಇದೆಲ್ಲ ಸತ್ಯ. ಆದರೆ ಪೂರ್ತಿ ಸತ್ಯ ಅಲ್ಲ. ನನಗೂ ರಸ್ತೆ ಬದಿಯ ಶಾಲೆ ಬೇಕಿತ್ತು, ಅಂಗಾರ. ಮೂರು ಮಳೆಗಾಲ ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಹಿಡಿದು, ಅಂಗಡಿ ಜಗಲಿಯ ಗಂಡಸರು ನೋಡುತ್ತಿರುವಾಗ ಆ ಸಂಕ ದಾಟಿದ್ದೇನೆ. ಬಸ್ಸಿಳಿದು ನೇರ ಶಾಲೆಗೆ ನಡೆಯುವ ಆಸೆ ನನಗಿತ್ತು. ನಿಮ್ಮ ಮಕ್ಕಳು ದಾಟಬೇಕಾಗುತ್ತದೆಂದು ಗೊತ್ತಿದ್ದೂ ಹಾಕಿದೆ. ಫೆಬ್ರವರಿಯ ಕಾಗದದಲ್ಲಿ ಇದನ್ನು ಬರೆಯಲು ನಾಲ್ಕು ಸಲ ಕುಳಿತೆ.

ಈಗ ನೀವು ದೂರು ಕೊಡುತ್ತೀರಿ, ಗೊತ್ತು. ಆ ದಿನ ನೀವು ಒಮಾನಿನಲ್ಲಿದ್ದಿರಿ ಎಂದು ತೋರಿಸಿದರೆ ಸಾಕು, ಐದನೇ ಪುಟ ಬಿದ್ದು ಹೋಗುತ್ತದೆ. ಆದರೆ ಯೋಚಿಸಿ. ಮೊದಲನೇ ಪುಟದ ದಿನವೂ ನೀವು ಒಮಾನಿನಲ್ಲೇ ಇದ್ದಿರಿ. ಐದನೇ ತರಗತಿ ನಿಂತಿರುವುದು ಆ ಪುಟದ ಮೇಲೆ. ಎರಡನೇ ಶಿಕ್ಷಕರು ಬರುವುದು ಎರಡನೆಯದರ ಮೇಲೆ. ಒಂದನ್ನು ಸುಳ್ಳೆಂದರೆ ಎಲ್ಲವೂ ಸುಳ್ಳು. ವಸಂತಿ ಜೂನಿನಲ್ಲಿ ಐದನೆಯದರ ಬೆಂಚಿನಲ್ಲಿ ಕೂರುತ್ತಾಳೆ. ನಿಮ್ಮ ಒಂದು ಅರ್ಜಿ ಅವಳನ್ನು ಎಬ್ಬಿಸುತ್ತದೆ.

ಇನ್ನೊಂದು ಮಾತು, ಬೇಸರ ಮಾಡಬೇಡಿ. ಕುರ್ಚಿ ಭೋಜರಾಜರ ಆಳಿಗೆ ಹೋಗಬಾರದೆಂದು ಖಾಲಿ ಪುಟಕ್ಕೆ ಸಹಿ ಹಾಕಿ ಹೋದಿರಿ. ನಿಮ್ಮ ಮನೆಯಲ್ಲೇ ಇನ್ನೊಬ್ಬರಿದ್ದರು. ಕೊರಪೊಳುವಿನ ಹೆಸರು ನಿಮಗೆ ತೋಚಲಿಲ್ಲ. ನನಗೂ ತೋಚಲಿಲ್ಲ.

ವಾರಿಜಾಕ್ಷಿ

---

ಅಲ್ ಅಮೇರಾತ್
1 ಜುಲೈ 1988

ಟೀಚರಿಗೆ,

ಒಂದೂವರೆ ತಿಂಗಳು ನಿಮ್ಮ ಕಾಗದವನ್ನು ಹೊತ್ತುಕೊಂಡು ತಿರುಗಿದೆ. ಕಿಸೆಯಲ್ಲಿ ಬೆವರಿಗೆ ಒದ್ದೆಯಾಗಿ ಒಣಗಿ ಮಡಿಕೆಯಲ್ಲಿ ಹರಿದಿದೆ.

ಈ ಸಲ ನನ್ನನ್ನು 'ನೀವು' ಎಂದು ಬರೆದಿದ್ದೀರಿ. ಹೆದರಿಕೆಯಿಂದಲೋ ಮರ್ಯಾದೆಯಿಂದಲೋ ನನಗೆ ಗೊತ್ತಾಗಲಿಲ್ಲ. ನಿಮಗಿಂತ ಎಂಟು ವರ್ಷ ದೊಡ್ಡವನು ನಾನು. ಯಾವುದರಿಂದ ಆದರೂ ಇರಲಿ.

ನೀವು ನಿಜ ಬರೆದಿರಿ. ನಾನೂ ಬರೆಯುತ್ತೇನೆ. ನಾನು ಫೋರ್‌ಮನ್ ಅಲ್ಲ. ಸಿಮೆಂಟು ಕಲಸುತ್ತೇನೆ, ಹೊರುತ್ತೇನೆ. ರಜೆ ಕೊಟ್ಟಿಲ್ಲ, ಕೊಡುವುದೂ ಇಲ್ಲ. ನಮ್ಮನ್ನು ಕರೆಸಿದ ಕಂಪೆನಿಯ ಧಣಿ, ಕಫೀಲನ ಕೈಯಲ್ಲಿ ಪಾಸ್‌ಪೋರ್ಟು, ಎರಡು ವರ್ಷದ ಕರಾರು.

ಖುರುಮಿನಲ್ಲಿ ಕಂಪೆನಿಯ ಆಫೀಸು. ಹಾಫ್ ಡೇ ಕೇಳಿ, ಲಾರಿ ಹಿಡಿದು ಹೋದೆ. ಅಲ್ಲಿನ ಕ್ಲಾರ್ಕು ವಾಲ್ಟರ್, ಮಂಗಳೂರಿನವನು. ಪಾಸ್‌ಪೋರ್ಟಿನ ಝೆರಾಕ್ಸ್ ಬೇಕು ಎಂದೆ. ಅವನು ಹೆದರಿ ಬಾಗಿಲು ಹಾಕಿದ. "ಓಡ್ಲಿಕ್ಕಾ?" ಇಲ್ಲ ಎಂದೆ. "ಕೇಸಾ?" ಅಲ್ಲ, ನಾನು ಇಲ್ಲೇ ಇದ್ದೇನೆಂದು ನಮ್ಮ ಊರಿನ ಸರಕಾರಕ್ಕೆ ತೋರಿಸಬೇಕು ಎಂದೆ. ವಾಲ್ಟರ್ ಕನ್ನಡಕ ತೆಗೆದು ನನ್ನನ್ನೇ ನೋಡಿದ. "ಹನ್ನೊಂದು ವರ್ಷದಿಂದ ಈ ಕುರ್ಚಿಯಲ್ಲಿದ್ದೇನೆ ಮಾರಾಯ. ಇಲ್ಲಿಂದ ಹೋಗ್ಲಿಕ್ಕೆ ಪಾಸ್‌ಪೋರ್ಟ್ ಕೇಳುವವರನ್ನೇ ನೋಡಿದ್ದು. ಇಲ್ಲೇ ಇದ್ದೇನೆ ಅಂತ ಹೇಳ್ಲಿಕ್ಕೆ ಕೇಳಿದವ ನೀನೊಬ್ಬನೇ." ಝೆರಾಕ್ಸ್ ಮಾಡಿ ಕೊಟ್ಟ. ದುಡ್ಡು ತೆಗೆದುಕೊಳ್ಳಲಿಲ್ಲ.

ಮೊನ್ನೆ ಜಿಲ್ಲಾ ಪರಿಷತ್ತಿಗೆ, ಎ.ಇ.ಒ. ಆಫೀಸಿಗೆ ರಿಜಿಸ್ಟರ್ ಮಾಡಿದ್ದೇನೆ. 'ಐದು ಪುಟಗಳಲ್ಲಿಯೂ ಸಹಿ ನನ್ನದು, ಒಂದು ಸಭೆಗೂ ನಾನು ಬಂದಿಲ್ಲ, ಖಾಲಿ ಪುಟಕ್ಕೆ ಸಹಿ ಹಾಕಿದ ತಪ್ಪು ನನ್ನದೇ' ಎಂದು ಬರೆದೆ. ನಿಮ್ಮ ಹೆಸರು ಬರೆಯದೆ ಇರಲು ನೋಡಿದೆ. ಆಗಲಿಲ್ಲ. ಪುಸ್ತಕ ನಿಮ್ಮ ಕಪಾಟಿನದು. ನಾನು ಮೆಂಬರಿಕೆ ಬಿಟ್ಟಿದ್ದೇನೆ, ಆ ಜಾಗಕ್ಕೆ ಕೊರಪೊಳುವನ್ನು ತೆಗೆದುಕೊಳ್ಳಬೇಕೆಂದು ಕೇಳಿದ್ದೇನೆ.

ವಸಂತಿಯ ಬೆಂಚು ಹೋಗುತ್ತದೆ, ಗೊತ್ತು. ಮಡಲಿನ ಸೂರು ಆ ಬದಿಯಲ್ಲೇ ಉಳಿದರೆ ಐದನೆಯದನ್ನು ಇನ್ನೊಮ್ಮೆ ಕೇಳಬಹುದು. ಶಾಲೆಯೇ ತೋಡು ದಾಟಿ ಹೋದರೆ ಅದನ್ನು ವಾಪಸು ಹೊತ್ತು ತರುವವರು ಯಾರು? ಹೀಗೆಂದು ಲೆಕ್ಕ ಹಾಕಿದೆ. ಲೆಕ್ಕ ಸರಿ ಉಂಟು. ನಿದ್ದೆ ಮಾತ್ರ ಬರುತ್ತಿಲ್ಲ.

ಅವಳಿಗೆ ನಾನು ಏನೂ ಬರೆದಿಲ್ಲ. ನೀವೂ ಹೇಳಬೇಡಿ.

ಅಂಗಾರ

---

ಘಟ್ಟದ ಬುಡದ ಹೊಸ ಶಾಲೆಯಿಂದ
18-11-1988

ಅಂಗಾರ ಅವರಿಗೆ,

ವಿಳಾಸ ನೋಡಿಯೇ ನಿಮಗೆ ತಿಳಿದಿರಬಹುದು. ನನಗೆ ವರ್ಗವಾಗಿದೆ. ಒಂದು ಇನ್‌ಕ್ರಿಮೆಂಟೂ ಹೋಯಿತು. ನಾನು ದೂರುವುದಿಲ್ಲ.

ಸೆಪ್ಟೆಂಬರಿನಲ್ಲಿ ಅಧಿಕಾರಿ ಬಂದರು. ಬಿಳಿ ಅಂಗಿಯ, ಆಗಾಗ ಗಡಿಯಾರ ನೋಡುವ ಸಣ್ಣ ಮನುಷ್ಯ. ಠರಾವು ಪುಸ್ತಕ ಬಿಡಿಸಿ ಭೋಜರಾಜರನ್ನು ಕೇಳಿದರು.

"ಈ ಅಂಗಾರ ಎಂಬ ಮೆಂಬರು ಎಲ್ಲಿ?"

"ಸ್ವಲ್ಪ ಹೊರಗೆ ಹೋಗಿದ್ದಾನೆ ಸಾರ್."

"ಹೋಗಿ ಎಷ್ಟು ಹೊತ್ತಾಯ್ತು?"

"ಒಂದು ವರ್ಷ ನಾಲ್ಕು ತಿಂಗಳು ಸಾರ್."

ಹಿಂದೆ ನಿಂತಿದ್ದ ಕಾಲನಿಯ ಹೆಂಗಸರು ಗೊಳ್ಳೆಂದು ನಕ್ಕರು. ಭೋಜರಾಜರ ಎದುರು ಅವರು ನಕ್ಕದ್ದನ್ನು ನಾನು ಮೊದಲ ಸಲ ಕೇಳಿದ್ದು. ಅಧಿಕಾರಿ ನಗಲಿಲ್ಲ. ಐದು ಪುಟಗಳಿಗೂ ಮೂಲೆಯಿಂದ ಮೂಲೆಗೆ ಕೆಂಪು ಗೀಟು ಎಳೆದರು. ಖಾಲಿ ಉಳಿದಿದ್ದ ಮೂರಕ್ಕೂ ಎಳೆದರು.

ಜಾಗದ ಠರಾವು ರದ್ದು. ಕಟ್ಟಡದ ಕಡತ ಮುಚ್ಚಿತು. ಕಲ್ಲುಗಳು ಅವರ ಜಾಗದಲ್ಲೇ ಉಂಟು, ಬೇಲಿ ಹಾಕಿದ್ದಾರೆ. ಎರಡನೇ ಶಿಕ್ಷಕರು ಬಂದು ಮೂರು ತಿಂಗಳಾಗಿತ್ತು, ವಾಪಸು ಕರೆದರು. ಅಕ್ಟೋಬರ್ ಒಂದಕ್ಕೆ ಐದನೇ ತರಗತಿ ನಿಂತಿತು. ಹನ್ನೊಂದು ಮಕ್ಕಳಿಗೆ ಟಿ.ಸಿ. ಬರೆದದ್ದು ಅಲ್ಲಿ ನನ್ನ ಕೊನೆಯ ಕೆಲಸ. ನೀವು ಹೇಳಬೇಡಿ ಎಂದಿದ್ದಿರಿ. ವಸಂತಿಯ ಟಿ.ಸಿ. ಬರೆಯುವಾಗ ಅವಳೇ ಕೇಳಿದಳು: "ಅಪ್ಪ ಕಾಗದ ಬರೆದದ್ದಕ್ಕಾ ಟೀಚರ್?" ಹೌದೆಂದೆ. ಸುಳ್ಳು ಸಾಕಾಗಿತ್ತು ನನಗೆ.

ಕೊರಪೊಳುವನ್ನು ಮೆಂಬರಾಗಿ ತೆಗೆದುಕೊಂಡರು. ಮೊದಲನೇ ಸಭೆಗೆ ನಾನೂ ಇದ್ದೆ, ಚಾರ್ಜು ವಹಿಸಿ ಕೊಡಲಿಕ್ಕೆ. ಹೊಸ ಮಾಸ್ಟ್ರು ಪುಸ್ತಕ ಮುಂದಿಟ್ಟು ಇಂಕಿನ ಪ್ಯಾಡು ಕೊಟ್ಟರು. ಕೊರಪೊಳು ಕೈ ಚಾಚಲಿಲ್ಲ. "ಓದಿ" ಎಂದರು. ಮಾಸ್ಟ್ರು ಸಾರಾಂಶ ಹೇಳಿದರು. "ಅದಲ್ಲ, ಬರೆದದ್ದನ್ನು ಓದಿ. ಮೇಲಿಂದ." ಭೋಜರಾಜರು, "ಇವಳಿಗೆ ಅರ್ಥ ಆಗುದುಂಟಾ? ನಮ್ಮ ಹೊತ್ತು ಹಾಳು" ಎಂದರು. ಕೊರಪೊಳು ಹೇಳಿದರು: "ಅರ್ಥ ಆಗದಿದ್ರೆ ಎರಡು ಸಲ ಓದ್ಲಿ ದಣಿಗಳೇ. ನನಗೆ ಇವತ್ತು ಬೀಡಿ ಕಟ್ಲಿಕ್ಕಿಲ್ಲ." ಭೋಜರಾಜರು ಎದ್ದು ಹೋದರು. ಆಮೇಲೆ ಮೂರು ಸಭೆ ಕರೆದರಂತೆ, ಅವರೂ ಅವರ ಕಡೆಯವರೂ ಬರಲಿಲ್ಲ. ಸಭೆ ಆಗುತ್ತಿಲ್ಲ. ಏನೂ ಆಗುತ್ತಿಲ್ಲ.

ಒಂದು ಕೇಳುತ್ತೇನೆ. ಇಲ್ಲಿ ಏಳನೆಯವರೆಗೆ ಉಂಟು. ನನ್ನದು ಒಂದು ಕೋಣೆ, ಒಂದು ಒಲೆ. ವಸಂತಿಯನ್ನು ನನ್ನ ಜೊತೆ ಇಟ್ಟುಕೊಂಡು ಓದಿಸುತ್ತೇನೆ. ಬಾಡಿಗೆ ಮನೆಯ ಯಜಮಾನರಿಗೆ ಅವಳು ಯಾರೆಂದು ಹೇಳಿಯೇ ಇಟ್ಟುಕೊಳ್ಳುತ್ತೇನೆ. ಅವರು ಎಬ್ಬಿಸಿದರೆ ಇಬ್ಬರೂ ಬೇರೆ ಕೋಣೆ ನೋಡುತ್ತೇವೆ.

ವಾರಿಜಾಕ್ಷಿ

---

ಅಲ್ ಅಮೇರಾತ್
6 ಜನವರಿ 1989

ಟೀಚರಿಗೆ,

ನಿಮ್ಮ ಕಾಗದದ ಕೊನೆಯ ಭಾಗವನ್ನು ಎಷ್ಟು ಸಲ ಓದಿದೆನೋ ಲೆಕ್ಕ ಇಲ್ಲ. ಒಂದು ವರ್ಷದ ಹಿಂದೆ ಇದನ್ನು ಬರೆದಿದ್ದರೆ, ಉಪಕಾರ ಬೇಡ, ನ್ಯಾಯ ಬೇಕು ಎಂದು ನಾಲ್ಕು ಪುಟ ಭಾಷಣ ಬರೆಯುತ್ತಿದ್ದೆ. ಈಗ ಬಾಯಿ ಒಣಗಿದೆ.

ಹಾಜಬ್ಬ ಬ್ಯಾರಿಯ ಅಂಗಡಿಗೆ ಹೋದೆ. ಕಲ್ಲು ಹೋಯಿತು, ಡಬ್ಬಿಯ ದುಡ್ಡು ಬೇಲಿಯೊಳಗೆ ಬಿದ್ದಿದೆ ಎಂದೆ. ಅವರು ಬೈಯುತ್ತಾರೆಂದು ಕಾದೆ. "ಕಲ್ಲಿಗೆ ಕಾಲು ಬರುವುದಿಲ್ಲ. ಅಲ್ಲೇ ಇರ್ತದೆ. ನೀನು ಊಟ ಮಾಡಿದ್ದಿಯಾ?" ಎಂದು ಕೇಳಿದರು. ಅದಕ್ಕಿಂತ ಬೈದಿದ್ದರೆ ಒಳ್ಳೆಯದಿತ್ತು.

ವಸಂತಿಯ ಮಾತನ್ನು ನನ್ನಲ್ಲಿ ಕೇಳಬೇಡಿ. ಇಲ್ಲಿ ಕೂತು ಅಲ್ಲಿನದನ್ನು ತೀರ್ಮಾನಿಸುವ ಕೆಲಸ ನಾನು ಒಮ್ಮೆ ಮಾಡಿದ್ದೇನೆ. ಕೊರಪೊಳುವಿನಲ್ಲಿ ಕೇಳಿ. ಅವಳು ಏನು ಹೇಳಿದರೂ ಆಯಿತು.

ಅಂಗಾರ

---

ಘಟ್ಟದ ಬುಡ
25-6-1989

ಅಂಗಾರ ಅವರಿಗೆ,

ಬೇಸಗೆ ರಜೆಯಲ್ಲಿ ತಾಯಿಗೆ ಕಾಯಿಲೆ, ಮಂಜಲಪಾದೆಗೆ ಹೋಗಲಾಗಲಿಲ್ಲ. ಇಂದು ಭಾನುವಾರ ಹೋಗಿ ಬಂದೆ. ಬಂದ ಕೂಡಲೇ ಬರೆಯುತ್ತಿದ್ದೇನೆ.

ಕೊರಪೊಳು ಜಗಲಿಯಲ್ಲಿ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ನಾನು ಕೋಣೆಯ ವಿಷಯ ಹೇಳಿದೆ. ಕತ್ತರಿ ಕೆಳಗಿಟ್ಟು ಕೇಳಿದರು: "ನಿಮ್ಮ ಕೋಣೆಯಲ್ಲಿ ಹನ್ನೊಂದು ಮಕ್ಕಳಿಗೆ ಜಾಗ ಉಂಟಾ ಟೀಚರ್?"

ಆಮೇಲೆ ವಿವರಿಸಿದರು. ಏಪ್ರಿಲಿನಲ್ಲಿ ಅವರು ಒಬ್ಬರೇ ಎ.ಇ.ಒ. ಆಫೀಸಿಗೆ ಹೋದರಂತೆ. ಒಂದು ದಿನ ಕೂರಿಸಿದರು, ಮರುದಿನ ಮತ್ತೆ ಹೋದರು. ಕ್ಲಾರ್ಕು ಕೊನೆಗೆ ಹೇಳಿದ್ದು ಇಷ್ಟು: ನಾಲ್ಕನೆಯದರಲ್ಲಿ ಹತ್ತಕ್ಕಿಂತ ಹೆಚ್ಚು ಮಕ್ಕಳು ಹಾಜರಿಯಲ್ಲಿದ್ದರೆ ಐದನೆಯದಕ್ಕೆ ಹೊಸದಾಗಿ ಅರ್ಜಿ ನೋಡಬಹುದು. ಈ ವರ್ಷ ನಾಲ್ಕನೆಯದಕ್ಕೆ ಬಂದದ್ದು ಐದೇ ಮಕ್ಕಳು. ಕೊರಪೊಳು ಟಿ.ಸಿ. ಪಡೆದ ಉಳಿದ ಹತ್ತು ಮಕ್ಕಳ ಮನೆಗೂ ಹೋದರು. ತೋಡಿನ ಆಚೆಯ ನಾಲ್ಕು ಮನೆಗಳಿಗೂ. ಒಂದು ಮನೆಯ ಅಂಗಳದಿಂದಲೇ ಅಟ್ಟಿದರಂತೆ, ಮೂರನೇ ಸಲ ಹೋದಾಗ ಆ ಮನೆಯ ಹೆಂಗಸು ತಾನೇ ಮಗುವನ್ನು ಕರೆತಂದಳು. ಹನ್ನೊಂದು ಮಂದಿಯೂ ಮತ್ತೆ ನಾಲ್ಕನೆಯದರಲ್ಲಿ ಕೂತಿದ್ದಾರೆ, ಅಂಗಾರ. ಪಾಸಾದವರು. ಮಾಸ್ಟ್ರು ನಿಯಮ ಇಲ್ಲ ಎಂದರಂತೆ. "ಫೇಲು ಅಂತ ಬರೀರಿ. ನಿಮಗೆ ಹಾಗೆ ಬರೆಯುವುದೇನೂ ಹೊಸತಲ್ಲ" ಎಂದರಂತೆ ಕೊರಪೊಳು.

ಅವರು ಹೇಳಿದರು: "ಇವಳನ್ನು ನಿಮ್ಮ ಜೊತೆ ಕಳಿಸಿದ್ರೆ ನಾಳೆ ಉಳಿದ ಹತ್ತು ಮನೆಯವರು ಎಂತ ಹೇಳ್ತಾರೆ? ಮೆಂಬರಿನ ಮಗಳಿಗೆ ದಾರಿ ಆಯ್ತು, ನಮಗೆಂತ ಅಂತ. ಎಲ್ಲರೂ ಎದ್ದು ಹೋಗ್ತಾರೆ. ಮತ್ತೆ ಐದನೆಯದು ಯಾವಾಗ?"

ನಿಮಗೆ ಮುಚ್ಚಿಡಬಾರದೆಂದು ಇದನ್ನೂ ಬರೆಯುತ್ತೇನೆ. ವಸಂತಿ ಎಂಟು ದಿನಗಳಿಂದ ತಾಯಿಯ ಜೊತೆ ಮಾತಾಡಿಲ್ಲ. ಸ್ಲೇಟನ್ನು ಕಲ್ಲಿಗೆ ಹೊಡೆದು ಒಡೆದಿದ್ದಾಳೆ. ನಾನು ಹೊರಟಾಗ ಸಂಕದವರೆಗೆ ಹಿಂದೆಯೇ ಬಂದಳು. "ಟೀಚರ್, ನಾನು ಬರ್ತೇನೆ. ಅಮ್ಮನಿಗೆ ಹೇಳಬೇಡಿ. ಬಟ್ಟೆ ಬೇಡ, ಹೀಗೆಯೇ ಬರ್ತೇನೆ" ಎಂದಳು. ನಾನು ಅವಳ ಕೈ ಹಿಡಿದು ವಾಪಸು ಮನೆಗೆ ಬಿಟ್ಟೆ. ಸರಿ ಮಾಡಿದೆನೋ ಇಲ್ಲವೋ ಗೊತ್ತಿಲ್ಲ.

ವಾರಿಜಾಕ್ಷಿ

---

ಅಲ್ ಅಮೇರಾತ್
18 ಆಗಸ್ಟ್ 1989

ಟೀಚರಿಗೆ,

ಇಲ್ಲಿನ ಶಾಲೆ ಮುಗಿಯಿತು. ಬಣ್ಣ ಬಳಿದಾಗಿದೆ, ಫ್ಯಾನು ತಿರುಗುತ್ತದೆ, ನಲ್ಲಿ ತಿರುಗಿಸಿದರೆ ನೀರು. ಹನ್ನೆರಡು ಕೋಣೆಗಳಲ್ಲೂ ಒಮ್ಮೆ ನಡೆದು ಬಂದೆ. ಚಪ್ಪಲಿ ಹೊರಗೆ ಬಿಟ್ಟಿದ್ದೆ. ಸೌದ ನೋಡಿ ನಕ್ಕ. ಉದ್ಘಾಟನೆಗೆ ದೊಡ್ಡವರು ಬರುತ್ತಾರಂತೆ, ಅದಕ್ಕೆ ಮೊದಲು ನಾವು ಯಾರೂ ಕಾಣಬಾರದು. ನಾಳೆ ಬೆಳಗ್ಗೆ ನಮ್ಮನ್ನು ಸೊಹಾರಿನ ಇನ್ನೊಂದು ಸೈಟಿಗೆ ಸಾಗಿಸುತ್ತಾರೆ. ಕರಾರು ಇನ್ನೆರಡು ವರ್ಷ ಮುಂದೆ ಹೋಗಿದೆ.

ನಾನಾಗಿದ್ದರೆ ವಸಂತಿಯನ್ನು ನಿಮ್ಮ ಜೊತೆ ಕಳಿಸಿಬಿಡುತ್ತಿದ್ದೆ. ಒಂದು ನಿಮಿಷವೂ ಯೋಚಿಸುತ್ತಿರಲಿಲ್ಲ. ಕೇರಿಯಿಂದ ಕೇರಿಗೆ ಭಾಷಣ ಮಾಡಿದವನು ನಾನು, ನನ್ನ ಮಗಳನ್ನು ಮಾತ್ರ ನಿಮ್ಮ ಕೋಣೆಗೆ ಕಳಿಸಿ, ಉಳಿದವರಿಗೆ ಹೋರಾಟ ಮಾಡಿ ಎಂದು ಕಾಗದ ಬರೆಯುತ್ತಿದ್ದೆ. ಕೊರಪೊಳು ಸಂಘದ ಒಂದು ಸಭೆಯಲ್ಲೂ ಕೂತವಳಲ್ಲ. ನಾನು ಸಂಘದಿಂದ ತಡವಾಗಿ ಬಂದಾಗಲೆಲ್ಲ ಗಂಜಿ ಮುಚ್ಚಿಟ್ಟು ಮಲಗಿರುತ್ತಿದ್ದಳು. ಅಲ್ಲಿ ಏನು ಮಾತಾಡಿದಿರಿ ಎಂದು ಅವಳು ಕೇಳುತ್ತಿದ್ದಳು. ನಿನಗೆ ಗೊತ್ತಾಗುವುದಿಲ್ಲ ಎನ್ನುತ್ತಿದ್ದೆ.

ವಸಂತಿ ನನಗೆ ಬರೆಯುವುದಿಲ್ಲ. ಬರೆಯಬೇಕೆಂದು ನೀವು ಅವಳಿಗೆ ಹೇಳುವುದೂ ಬೇಡ.

ಒಂದು ಕೆಲಸ ಮಾಡಿ ಕೊಡಿ. ಟಿ.ಸಿ. ಬರೆದವರು ನೀವು, ನಿಮಗೆ ನೆನಪಿರುತ್ತದೆ. ಆ ಹನ್ನೊಂದು ಮಕ್ಕಳ ಹೆಸರು ಬರೆದು ಕಳಿಸಿ. ತೋಡಿನ ಆಚೆಯವರದ್ದೂ. ಅಪ್ಪಂದಿರ ಹೆಸರು ಬೇಡ, ಅವು ನನಗೆ ಗೊತ್ತುಂಟು. ಮಕ್ಕಳದ್ದು, ನನ್ನ ಮಗಳನ್ನು ಬಿಟ್ಟು, ಒಂದೂ ಗೊತ್ತಿಲ್ಲ.

ಅಂಗಾರ